ಲೆಸ್ಟರ್ ಪಟ್ಟಣದ ಧೂಸರಾಂಬರ ಭಿಕ್ಷುಮಠವೂ ಅದರ ಉತ್ಖನನವೂ

ಆಂಗ್ಲದೇಶದ ಮಧ್ಯಭಾಗದಲ್ಲಿ ಸೋರ್ ಎಂಬ ನದಿಯ ತೀರದಲ್ಲಿ ಲೆಸ್ಟರ್ ಎಂಬ ಪುರಾತನ ಪಟ್ಟಣವಿರುವುದು. ರೋಮಕರ ಕಾಲದಿಂದಲೂ ಜನವಸತಿಯುಳ್ಳ ಈ ಸ್ಥಳದಲ್ಲಿ ನೆಲವನ್ನು ಎಲ್ಲಿ ಅಗೆದರೂ ಒಂದು ಕಾಲದ ಮೇಲೊಂದು ಕಾಲದ ಅವಶೇಷಗಳು ಪದರಪದರವಾಗಿ ತೋರುವುವು. ಕ್ರಿ. ಶ. ೨೦೧೨ನೆಯ ವರ್ಷದ ಆಗಸ್ಟ್ ತಿಂಗಳಲ್ಲಿ ಅಲ್ಲಿಯ ಮೋಟಾರು ವಾಹನಗಳನ್ನು ನಿಲ್ಲಿಸುವ ಬಯಲೊಂದರಲ್ಲಿ ನಡೆದ ಉತ್ಖನನವು ಲೋಕಪ್ರಸಿದ್ಧವಾಯಿತು. ಅಲ್ಲಿ ದೊರೆತ ಅಸ್ಥಿಪಂಜರವು ಮೂರನೆಯ ರಿಚರ್ಡ್ ಎಂಬ ಅರಸನದೆಂದು ನಿರ್ಣಯವಾದುದರಿಂದ ಜನರ ಕುತೂಹಲವೆಲ್ಲವೂ ಅರಸನ ಕಡೆಗೆ ತಿರುಗಿ, ಆ ಅಸ್ಥಿಗಳಿಗೆ ಐದು ಶತಮಾನಗಳ ಕಾಲ ಆಶ್ರಯವಿತ್ತ ಮಠದ ಕಥೆಯು ಹಿಂದೆ ಬಿದ್ದಿತು. ಆದರೆ ಮಠವನ್ನು ಬಿಟ್ಟು ಅರಸನನ್ನು ಗುರುತಿಸುವುದು ಅಸಾಧ್ಯವಾಗಿದ್ದಿತು. ಆದುದರಿಂದ ಮೊದಲು ಮಠದ ವಿಷಯವನ್ನು ಹೇಳಿ ಆಮೇಲೆ ಅರಸನ ವಿಷಯಕ್ಕೆ ಬರುವುದು ಉಚಿತ.

ಕ್ರೈಸ್ತ ಸಂನ್ಯಾಸಿಗಳಲ್ಲಿ ಎರಡು ಬಗೆಯವರುಂಟು. ಊರಿನಿಂದ ದೂರವಾಗಿ, ಭೂಸ್ಥಿತಿಯುಳ್ಳ ದೊಡ್ಡ ಮಠಗಳಲ್ಲಿ ನೆಲೆಸಿ ಹೊರಗಿನ ಲೋಕದ ಸಂಪರ್ಕವಿಲ್ಲದೆ ಜಪತಪಗಳಲ್ಲಿ ಕಾಲಕಳೆಯುವವರು ಒಂದು ಬಗೆ. ಸ್ವಂತಕ್ಕೆ ಏನನ್ನೂ ಇಟ್ಟುಕೊಳ್ಳದೆ, ಪಟ್ಟಣಗಳ ನಡುವೆಯೇ ಇದ್ದು, ಭಿಕ್ಷಾನ್ನದಿಂದ ಜೀವಿಸುತ್ತ ಬಡವರಿಗೂ ವರ್ತಕರಿಗೂ ಧರ್ಮೋಪದೇಶ ಮಾಡುವವರು ಇನ್ನೊಂದು ಬಗೆ. ಈ ಎರಡನೆಯವರೇ ಭಿಕ್ಷುಗಳು. ಇಟಲಿ ದೇಶದ ಅಸಿಸಿಯ ಫ್ರಾನ್ಸಿಸ್ ಮಹಾಶಯನು ಸ್ಥಾಪಿಸಿದ ಸಂಘದವರು ತಮ್ಮನ್ನು ಕಿರಿಯ ಸೋದರರೆಂದು ವಿನಯದಿಂದ ಕರೆದುಕೊಂಡರು; ಬೂದುಬಣ್ಣದ ಒರಟು ಬಟ್ಟೆಯನ್ನು ಉಡುತ್ತಿದ್ದುದರಿಂದ ಆಂಗ್ಲೇಯರು ಅವರಿಗೆ ಧೂಸರಾಂಬರರೆಂದು ಹೆಸರಿಟ್ಟರು. ೧೨೨೪ರಲ್ಲಿ ಇವರ ಮೊದಲ ತಂಡವು ಇಂಗ್ಲೆಂಡಿನ ಕರಾವಳಿಯಲ್ಲಿ ಇಳಿಯಿತು. ಅದೇ ಶತಮಾನದ ಪೂರ್ವಾರ್ಧದಲ್ಲಿಯೇ ಲೆಸ್ಟರಿನಲ್ಲಿ ಅವರ ಮಠವು ಏರ್ಪಟ್ಟಿತು. ಅದೇ ಊರಿನಲ್ಲಿ ಕಪ್ಪು ಬಟ್ಟೆಯ ಡೊಮಿನಿಕ್ ಸಂಘದವರಿಗೂ ಆಗಸ್ಟೀನ್ ಸಂಘದವರಿಗೂ ಬೇರೆಬೇರೆ ಮಠಗಳಿದ್ದುವು. ಒಂದೇ ಊರಿನಲ್ಲಿ ಇಷ್ಟು ಮಠಗಳಿದ್ದುದನ್ನು ವಾಚಕರು ನೆನಪಿನಲ್ಲಿಡತಕ್ಕದ್ದು. ಮುಂದೆ ಇದರಿಂದಲೇ ಒಂದು ದೊಡ್ಡ ಭ್ರಾಂತಿಯು ಹುಟ್ಟಲಿದೆ.

ಬಡತನವನ್ನು ವ್ರತವಾಗಿ ಹಿಡಿದವರಾದರೂ ಈ ಭಿಕ್ಷುಗಳು ರಾಜಕಾರಣದ ಗಾಳಿಯಿಂದ ತಪ್ಪಿಸಿಕೊಂಡವರಲ್ಲ. ಪದಚ್ಯುತನಾದ ಎರಡನೆಯ ರಿಚರ್ಡ್ ಅರಸನು ಇನ್ನೂ ಬದುಕಿರುವನೆಂದು ನಂಬಿ ಅವನ ಪಕ್ಷವನ್ನು ವಹಿಸಿದುದಕ್ಕಾಗಿ ಲೆಸ್ಟರ್ ಮಠದ ಕೆಲವರನ್ನು ೧೪೦೨ರಲ್ಲಿ ನಾಲ್ಕನೆಯ ಹೆನ್ರಿ ಅರಸನು ಗಲ್ಲಿಗೇರಿಸಿದನು. ಒಬ್ಬ ರಿಚರ್ಡನಿಗಾಗಿ ಪ್ರಾಣಬಿಟ್ಟವರ ಮಠಕ್ಕೆ ಎಂಬತ್ತಮೂರು ವರ್ಷಗಳ ತರುವಾಯ ಮತ್ತೊಬ್ಬ ರಿಚರ್ಡನ ಶವವು ಬಂದಿತು.

ಮೂರನೆಯ ರಿಚರ್ಡ್ ೧೪೫೨ರ ಅಕ್ಟೋಬರ್ ೨ರಂದು ಜನಿಸಿದವನು. ಅಣ್ಣನಾದ ನಾಲ್ಕನೆಯ ಎಡ್ವರ್ಡನು ತೀರಿಕೊಂಡಾಗ ಅವನ ಬಾಲಕರಾದ ಮಕ್ಕಳಿಗೆ ರಕ್ಷಕನಾಗಿರಬೇಕಾಗಿದ್ದ ಈತನು ೧೪೮೩ರಲ್ಲಿ ತಾನೇ ಸಿಂಹಾಸನವನ್ನೇರಿದನು. ಆ ಬಾಲಕರಿಬ್ಬರೂ ಲಂಡನ್ ಕೋಟೆಯೊಳಗೆ ಕಣ್ಮರೆಯಾದರು. ಎರಡು ವರ್ಷ ಕಳೆದ ಮೇಲೆ, ೧೪೮೫ರ ಆಗಸ್ಟ್ ೨೨ರಂದು, ಲೆಸ್ಟರಿಗೆ ಪಶ್ಚಿಮದಲ್ಲಿರುವ ಬಾಸ್ವರ್ತ್ ಎಂಬಲ್ಲಿ ಹೆನ್ರಿ ಟ್ಯೂಡರನೊಡನೆ ನಡೆದ ಕಾಳಗದಲ್ಲಿ ರಿಚರ್ಡನು ಹತನಾದನು. ಆಗ ಅವನಿಗೆ ಮೂವತ್ತೆರಡು ವರ್ಷ. ಆಂಗ್ಲದೇಶದ ಅರಸರಲ್ಲಿ ರಣರಂಗದಲ್ಲಿ ಮಡಿದವರಲ್ಲಿ ಇವನೇ ಕೊನೆಯವನು. ಪ್ಲಾಂಟಾಜಿನೆಟ್ ವಂಶವೂ ಇವನೊಡನೆಯೇ ಸಿಂಹಾಸನವನ್ನು ಕಳೆದುಕೊಂಡಿತು. ಗೆದ್ದವನು ಏಳನೆಯ ಹೆನ್ರಿಯೆಂಬ ಹೆಸರಿನಿಂದ ಪಟ್ಟಕ್ಕೆ ಬಂದನು. ಸೋತವನ ಶವವನ್ನು ಬೆತ್ತಲೆಯಾಗಿ ಕುದುರೆಯ ಬೆನ್ನಿನ ಮೇಲೆ ಅಡ್ಡಲಾಗಿ ಹಾಕಿ ಲೆಸ್ಟರಿಗೆ ತಂದು, ಅವನು ಸತ್ತುದರಲ್ಲಿ ಯಾರಿಗೂ ಸಂದೇಹವುಳಿಯದಂತೆ ಸಾರ್ವಜನಿಕವಾಗಿ ಪ್ರದರ್ಶಿಸಿದರು. ಅನಂತರ ಧೂಸರಾಂಬರ ಮಠದ ದೇವಾಲಯದಲ್ಲಿ, ಯಾವ ವೈಭವವೂ ಇಲ್ಲದೆ, ಅದನ್ನು ಹೂಳಿದರು. ಸುಮಾರು ಹತ್ತು ವರ್ಷಗಳ ಮೇಲೆ ಹೆನ್ರಿಯೇ ಹಣ ಕೊಟ್ಟು ಆ ಸ್ಥಳದಲ್ಲಿ ಅಲಬಾಸ್ಟರ್ ಎಂಬ ಮೃದುಶಿಲೆಯ ಸಮಾಧಿಯೊಂದನ್ನು ಕಟ್ಟಿಸಿದನು.

ಈ ವೃತ್ತಾಂತಕ್ಕೆ ಆಧಾರವಾದ ಲೇಖಕರಲ್ಲಿ ಜಾನ್ ರೌಸ್ ಎಂಬ ಪಾದ್ರಿಯ ಮಾತು ಮುಖ್ಯವಾದುದು. ವಾರ್ವಿಕ್ ಪಟ್ಟಣದ ಬಳಿಯಲ್ಲಿದ್ದ ಈತನು ರಿಚರ್ಡನ ಆಳ್ವಿಕೆಯಲ್ಲಿ ಅವನನ್ನು ಹೊಗಳಿ ಬರೆದನು. ರಾಜ್ಯವು ಹೆನ್ರಿಯ ಕೈಸೇರಿದ ಕೂಡಲೆ ಅದೇ ಲೇಖನಿಯಿಂದ ಅದೇ ಅರಸನನ್ನು ರಾಕ್ಷಸನೆಂಬಂತೆ ಚಿತ್ರಿಸಿದನು. ರಿಚರ್ಡನು ತಾಯಿಯ ಗರ್ಭದಲ್ಲಿ ಎರಡು ವರ್ಷವಿದ್ದು ಬಾಯ್ತುಂಬ ಹಲ್ಲುಗಳೊಡನೆಯೂ ಭುಜದವರೆಗೆ ಇಳಿದ ಕೂದಲಿನೊಡನೆಯೂ ಹುಟ್ಟಿದನೆಂದು ಬರೆದ ಮಹನೀಯನು ಇವನೇ. ಇಂಥವನ ಮಾತನ್ನು ಆಪ್ತವಾಕ್ಯವೆಂದು ಯಾವ ವಿಮರ್ಶಕನು ಒಪ್ಪಿಯಾನು? ಆದರೆ ಇದೇ ರೌಸನು ಅದೇ ಗ್ರಂಥದಲ್ಲಿ ಮತ್ತೆ ಮೂರು ಮಾತುಗಳನ್ನು ಹೇಳಿರುತ್ತಾನೆ. ರಿಚರ್ಡನ ಬಲಭುಜವು ಎತ್ತರವಾಗಿಯೂ ಎಡಭುಜವು ತಗ್ಗಾಗಿಯೂ ಇದ್ದುವೆಂಬುದು ಒಂದು. ದೇಹವು ಸಣ್ಣದಾಗಿ ಬಲವು ಅಲ್ಪವಾಗಿದ್ದರೂ ಅವನು ಕೊನೆಯುಸಿರಿನವರೆಗೆ ವೀರನಂತೆ ಕಾದಿದನೆಂಬುದು ಮತ್ತೊಂದು. ದ್ವೇಷಿಯ ಬಾಯಿಂದ ಬಂದ ಈ ಪ್ರಶಂಸೆಯನ್ನು ಅಲ್ಲಗಳೆಯುವುದು ಕಷ್ಟ. ಲೆಸ್ಟರಿನ ಕಿರಿಯ ಸೋದರರ ದೇವಾಲಯದ ಗಾಯನಮಂಟಪದಲ್ಲಿ, ಎಂದರೆ ಭಿಕ್ಷುಗಳು ಸಾಲಾಗಿ ಕುಳಿತು ಸ್ತೋತ್ರಗಳನ್ನು ಹಾಡುತ್ತಿದ್ದ ಭಾಗದಲ್ಲಿ, ಅವನನ್ನು ಹೂಳಿದರೆಂಬುದು ಮೂರನೆಯದು.

೧೫೩೮ರಲ್ಲಿ ಎಂಟನೆಯ ಹೆನ್ರಿಯು ಮಠಗಳನ್ನು ಮುಚ್ಚಿಸಿದ ಕಾಲದಲ್ಲಿ ಲೆಸ್ಟರಿನ ಭಿಕ್ಷುಗಳು ಮಠವನ್ನು ಒಪ್ಪಿಸಿ ಹೊರಟುಹೋದರು. ದೇವಾಲಯವನ್ನು ಕೆಡವಿ ಅದರ ಕಲ್ಲು, ಮರ, ಸೀಸಗಳನ್ನು ಮಾರಿದರು. ನಿವೇಶನವು ಕೈಯಿಂದ ಕೈಗೆ ಹೋಗಿ ಕಡೆಗೆ ರಾಬರ್ಟ್ ಹೆರಿಕ್ ಎಂಬ ಪುರಾಧ್ಯಕ್ಷನ ವಶವಾಯಿತು. ಅವನು ಅಲ್ಲಿ ದೊಡ್ಡ ಮನೆಯನ್ನು ಕಟ್ಟಿಸಿ ಉದ್ಯಾನವನ್ನು ಮಾಡಿಸಿದನು. ಅಲ್ಲಿಂದ ಮುಂದೆ ಸಮಾಧಿಯು ಏನಾಯಿತೆಂಬ ವಿಷಯದಲ್ಲಿ, ಒಂದೇ ವರ್ಷದ ಅಂತರದಲ್ಲಿ, ಪರಸ್ಪರ ವಿರುದ್ಧವಾದ ಎರಡು ಸಾಕ್ಷ್ಯಗಳು ದೊರೆಯುವುವು.

೧೬೧೧ರಲ್ಲಿ ಜಾನ್ ಸ್ಪೀಡ್ ಎಂಬ ಚರಿತ್ರಕಾರನು, ಸಮಾಧಿಯು ಹಾಳಾಗಿ ಆ ಸ್ಥಳದಲ್ಲಿ ತುರಿಕೆಗಿಡಗಳೂ ಕಳೆಗಳೂ ಬೆಳೆದುಕೊಂಡಿವೆ, ಅದನ್ನು ಗುರುತಿಸಲಾಗುವುದಿಲ್ಲ, ಅರಸನ ಕಲ್ಲಿನ ಶವಪೆಟ್ಟಿಗೆಯು ಛತ್ರದಲ್ಲಿ ಕುದುರೆಗಳು ನೀರು ಕುಡಿಯುವ ದೋಣಿಯಾಗಿದೆ, ಎಲುಬುಗಳನ್ನು ಊರಿನಿಂದಾಚೆಗೆ ಒಯ್ದು ಬೋ ಎಂಬ ಸೇತುವೆಯ ತುದಿಯಲ್ಲಿ ತಿರಸ್ಕಾರದಿಂದ ಹಾಕಿದರೆಂದು ಪ್ರತೀತಿಯಿದೆ ಎಂದು ಬರೆದನು. ೧೬೧೨ರಲ್ಲಿಯಾದರೋ ಕ್ರಿಸ್ಟೋಫರ್ ರೆನ್ ಎಂಬಾತನು (ಲಂಡನ್ನಿನ ಸೇಂಟ್ ಪಾಲ್ ಮಹಾದೇವಾಲಯವನ್ನು ಕಟ್ಟಿದ ಪ್ರಸಿದ್ಧ ಶಿಲ್ಪಿಯ ತಂದೆ) ಹೆರಿಕನ ಉದ್ಯಾನದಲ್ಲಿ ಮೂರು ಅಡಿ ಎತ್ತರದ ಸುಂದರವಾದ ಶಿಲಾಸ್ತಂಭವೊಂದನ್ನು ಕಂಡನು. ಹಿಂದೆ ಇಂಗ್ಲೆಂಡಿಗೆ ಅರಸನಾಗಿದ್ದ ಮೂರನೆಯ ರಿಚರ್ಡನ ದೇಹವು ಇಲ್ಲಿರುವುದೆಂಬರ್ಥದ ಶಾಸನವು ಅದರ ಮೇಲಿದ್ದಿತು. ಈತನ ಬರಹವು ೧೭೫೦ರಲ್ಲಿ ಅವನ ವಂಶಸ್ಥರ ಗ್ರಂಥದ ಮೂಲಕ ಪ್ರಕಟವಾಯಿತು.

ಇಬ್ಬರಲ್ಲಿ ಯಾರ ಮಾತು ಗ್ರಾಹ್ಯ? ಸ್ಪೀಡನು ದೊಡ್ಡ ಹೆಸರಿನವನು. ಅವನ ಗ್ರಂಥವು ಎಲ್ಲರ ಕೈಯಲ್ಲಿಯೂ ಇದ್ದಿತು. ರೆನ್ನನಾದರೋ ಹೆರಿಕನ ಸಂಬಂಧಿಯಾದ ಹುಡುಗನಿಗೆ ಪಾಠ ಹೇಳುತ್ತಿದ್ದ ಉಪಾಧ್ಯಾಯನು. ಆದರೆ ಸ್ಪೀಡನು ಹೇಳಿದುದು ಕೇಳಿದ ಮಾತು. ಪ್ರತೀತಿಯೆಂದು ಅವನೇ ಒಪ್ಪಿಕೊಂಡಿರುವನು. ರೆನ್ನನು ಹೇಳಿದುದು ಕಣ್ಣಾರೆ ಕಂಡದ್ದು. ಇಷ್ಟೇ ಅಲ್ಲ. ಸ್ಪೀಡನು ಮುದ್ರಿಸಿದ ಲೆಸ್ಟರ್ ನಗರದ ನಕ್ಷೆಯಲ್ಲಿ ಧೂಸರಾಂಬರ ಮಠದ ಹೆಸರು ಡೊಮಿನಿಕ್ ಸಂಘದವರ ಮಠವಿದ್ದೆಡೆಯಲ್ಲಿ ಬಿದ್ದಿದೆ. ಇದರಿಂದ ಅವನು ಬೇರೊಂದು ಮಠದ ಹಾಳುಬಯಲಿಗೆ ಹೋಗಿ ಸಮಾಧಿಯನ್ನು ಹುಡುಕಿ, ಕಾಣದೆ, ತುರಿಕೆಗಿಡಗಳನ್ನು ಮಾತ್ರ ನೋಡಿ ಬಂದನೆಂದು ಜಾನ್ ಆಶ್‌ಡೌನ್-ಹಿಲ್ ಎಂಬ ವಿದ್ವಾಂಸನು ಊಹಿಸಿರುವುದು ಯುಕ್ತವಾಗಿದೆ. ಇಲ್ಲದ ಕಡೆ ಹುಡುಕಿ ಇಲ್ಲವೆಂದು ಸಾರುವುದು ಅನುಪಲಬ್ಧಿ ಪ್ರಮಾಣವಾಗಲಾರದು. ಯೋಗ್ಯಸ್ಥಳದಲ್ಲಿ ಕಾಣದಿದ್ದರೆ ಮಾತ್ರವೇ ಅಭಾವವು ಸಿದ್ಧಿಸುವುದೆಂಬುದು ಶಾಸ್ತ್ರಜ್ಞರಿಗೆ ಹೊಸತಲ್ಲ.

ಆದರೂ ಲೋಕವು ಹಿಡಿದುದು ಸ್ಪೀಡನ ಮಾತನ್ನೇ. ಅಂಧಪರಂಪರಾನ್ಯಾಯದಿಂದ ಒಬ್ಬರ ಹಿಂದೊಬ್ಬರು ಅದನ್ನೇ ಬರೆಯುತ್ತ ಬಂದರು. ಹದಿನೇಳನೆಯ ಶತಮಾನದ ಪ್ರವಾಸಿಗಳಿಗೆ ಅರಸನ ಶವಪೆಟ್ಟಿಗೆಯೆಂದು ನೀರುದೋಣಿಗಳನ್ನು ತೋರಿಸಿದರು. ೧೮೫೬ರಲ್ಲಿ ಅರಸನ ಅವಶೇಷಗಳು ಈ ಸ್ಥಳಕ್ಕೆ ಸಮೀಪದಲ್ಲಿವೆಯೆಂದು ಸೇತುವೆಯ ಬಳಿ ಕಲ್ಲನ್ನೂ ನೆಡಿಸಿದರು. ಮೂಲದಲ್ಲಿ ಬರಿಯ ಪ್ರತೀತಿಯಾಗಿದ್ದುದು ಎರಡೂವರೆ ಶತಮಾನಗಳಲ್ಲಿ ಶಿಲಾಶಾಸನವಾದ ಪರಿಯಿದು. ಶಾಸನವೆಂದಮಾತ್ರಕ್ಕೆ ಕೈಮುಗಿಯುವವರು ಇದನ್ನು ಯೋಚಿಸಬೇಕು.

ಅತ್ತ ಹೆರಿಕನ ಉದ್ಯಾನವೂ ಉಳಿಯಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ನಿವೇಶನದ ನಡುವೆ ಹೊಸ ಬೀದಿಯೊಂದು ಹಾದುಹೋಯಿತು; ಮನೆಗಳೆದ್ದುವು; ಪಾಠಶಾಲೆಯೊಂದು ಬಂದಿತು; ಕಡೆಗೆ ನಗರಸಭೆಯ ಕಚೇರಿಗಳೂ ಅವುಗಳ ವಾಹನಗಳಿಗೆ ಬಯಲೂ ಆದುವು. ಮಠದ ಹೆಸರು ಮಾತ್ರ ಬೀದಿಗಳಿಗೆ ಅಂಟಿಕೊಂಡು ಉಳಿಯಿತು. ಸ್ಥಳನಾಮಗಳನ್ನು ಅಲಕ್ಷ್ಯ ಮಾಡತಕ್ಕದ್ದಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ಬೇಕಿಲ್ಲ.

ರಿಚರ್ಡನ ಅಪಕೀರ್ತಿಯು ಶತ್ರುಪಕ್ಷದವರ ಸೃಷ್ಟಿಯೆಂದು ನಂಬಿದ ಕೆಲವರು ೧೯೨೪ರಲ್ಲಿ ಕೂಡಿ ಸಂಘವೊಂದನ್ನು ಕಟ್ಟಿಕೊಂಡಿದ್ದರು. ಇಂದು ಅದಕ್ಕೆ ರಿಚರ್ಡ್ ಸಂಘವೆಂದೇ ಹೆಸರು. ಸಮಾಧಿಯು ಮಠದ ನಿವೇಶನದಲ್ಲಿಯೇ ಇದ್ದೀತೆಂದು ಡೇವಿಡ್ ಬಾಲ್ಡ್ವಿನ್ ಎಂಬ ಚರಿತ್ರಜ್ಞನು ೧೯೮೬ರಲ್ಲಿಯೇ ಬರೆದು, ಇಪ್ಪತ್ತೊಂದನೆಯ ಶತಮಾನದಲ್ಲಿ ಯಾರಾದರೂ ಅಗೆದು ತೆಗೆದರೂ ತೆಗೆಯಬಹುದೆಂದು ಸೂಚಿಸಿದ್ದನು. ಸಂಘದ ಸದಸ್ಯೆಯಾದ ಫಿಲಿಪಾ ಲ್ಯಾಂಗ್ಲಿ ಎಂಬಾಕೆಯ ಹಟದ ಪ್ರಯತ್ನದಿಂದ ಹಣವೂ ಅನುಮತಿಯೂ ದೊರೆತು, ಲೆಸ್ಟರ್ ವಿಶ್ವವಿದ್ಯಾನಿಲಯದ ಪುರಾತತ್ವಶಾಖೆಯವರು ರಿಚರ್ಡ್ ಬಕ್ಲಿಯ ನೇತೃತ್ವದಲ್ಲಿ ಕೆಲಸಕ್ಕೆ ತೊಡಗಿದರು. ವಾಹನಗಳ ಬಯಲಿನಲ್ಲಿ ಆಂಗ್ಲ ವರ್ಣಮಾಲೆಯ ‘ಆರ್’ ಅಕ್ಷರವು ಬರೆದಿದ್ದ ಕಡೆಯಲ್ಲಿ ನಿಂತಾಗ ಅರಸನು ಇಲ್ಲಿಯೇ ಇರುವನೆಂದು ತನ್ನ ಮನಸ್ಸಿಗೆ ಹೊಳೆಯಿತೆಂದು ಆ ಮಹಿಳೆಯು ಹೇಳಿರುವಳು. ಅಂತಃಸ್ಫೂರ್ತಿಯು ಪ್ರಮಾಣಕೋಟಿಯಲ್ಲಿ ಸೇರತಕ್ಕದ್ದಲ್ಲ. ಆದರೆ ಪ್ರವೃತ್ತಿಗೆ ಕಾರಣವಾಗಬಹುದು. ಅದು ಇಲ್ಲದಿದ್ದರೆ ಗುದ್ದಲಿಯೇ ಬೀಳುತ್ತಿರಲಿಲ್ಲ. ಪುರಾತತ್ವಜ್ಞರಾದರೋ ತಮ್ಮ ಉದ್ದೇಶಗಳನ್ನು ಬೇರೆ ಕ್ರಮದಲ್ಲಿಟ್ಟುಕೊಂಡಿದ್ದರು. ಮೊದಲು ಮಠದ ಯಾವುದಾದರೊಂದು ಅವಶೇಷ, ಆಮೇಲೆ ಕಟ್ಟಡಗಳ ದಿಕ್ಕು, ಆಮೇಲೆ ದೇವಾಲಯ, ಅದರೊಳಗೆ ಗಾಯನಮಂಟಪ. ಅರಸನ ದೇಹವು ಎಲ್ಲಕ್ಕಿಂತ ಕೊನೆಯದು, ದೊರೆಯುವುದೆಂಬ ಭರವಸೆಯೂ ಅವರಿಗಿರಲಿಲ್ಲ.

ಈ ಕ್ರಮದಲ್ಲಿ ಒಂದು ಯುಕ್ತಿಯುಂಟು. ಕ್ರೈಸ್ತ ದೇವಾಲಯಗಳು ಸಾಮಾನ್ಯವಾಗಿ ಪೂರ್ವಪಶ್ಚಿಮವಾಗಿ ಉದ್ದವಾಗಿರುತ್ತವೆ. ಆದುದರಿಂದ ಉತ್ತರದಕ್ಷಿಣವಾಗಿ ನೇರವಾದ ಅಗತವನ್ನು ತೋಡಿದರೆ ಅದು ಎಲ್ಲಿಯಾದರೂ ದೇವಾಲಯದ ಗೋಡೆಗಳನ್ನು ಅಡ್ಡಹಾಯಲೇಬೇಕು. ಹೀಗೆ ಯೋಚಿಸಿ ಆಗಸ್ಟ್ ೨೫ರಂದು ಮೊದಲನೆಯ ಅಗತವನ್ನು ಪ್ರಾರಂಭಿಸಿದರು. ಅದರ ಉದ್ದ ಸುಮಾರು ೩೦ ಮೀಟರು, ಅಗಲ ಎರಡು ಮೀಟರಿಗೂ ಕಡಮೆ. ಅದೇ ದಿನ, ಕೆಲಸ ಮೊದಲಾದ ಕೆಲವು ಗಂಟೆಗಳಲ್ಲಿಯೇ, ಮನುಷ್ಯನ ಎರಡು ಕಾಲೆಲುಬುಗಳು ಕಂಡುಬಂದುವು. ಆದರೆ ಅದು ಮಠದ ಒಳಗೋ ಹೊರಗೋ, ಸ್ಮಶಾನದಲ್ಲೋ ಮಂದಿರದಲ್ಲೋ ಆಗ ತಿಳಿಯಲಿಲ್ಲ. ಮಠದೊಳಗೆ ಹೂಳಿಸಿಕೊಂಡವರು ನೂರಾರು ಮಂದಿ ಇದ್ದಿರಬಹುದು. ಆದುದರಿಂದ ಎಲುಬುಗಳನ್ನು ಹಾಗೆಯೇ ಮುಚ್ಚಿ ಕಟ್ಟಡಗಳ ಶೋಧನೆಯನ್ನೇ ಮುಂದುವರಿಸಿದರು. ಅವರ ಈ ಸಂಯಮವು ಮೆಚ್ಚತಕ್ಕದ್ದು. ನಿಧಿಯಾಸೆಯವನಾಗಿದ್ದರೆ ಆ ಕ್ಷಣದಲ್ಲಿಯೇ ಎಲುಬನ್ನು ಕಿತ್ತು ಪತ್ರಿಕೆಗಳಿಗೆ ತಂತಿ ಕೊಡುತ್ತಿದ್ದನು.

ಕಟ್ಟಡಗಳೆಂದರೆ ಗೋಡೆಗಳು ನಿಂತಿದ್ದುವೆಂದು ಭಾವಿಸಬಾರದು. ೧೫೩೮ರ ತರುವಾಯ ಕಲ್ಲಿನಾಸೆಗೆ ತಳಪಾಯಗಳನ್ನೂ ಬಿಡದೆ ಕಿತ್ತಿದ್ದರು. ಕಿತ್ತ ಕುಳಿಗಳಲ್ಲಿ ಗಾರೆಯ ಚೂರು, ಒಡೆದ ಹೆಂಚು, ಕಸಗಳು ತುಂಬಿಕೊಂಡಿದ್ದುವು. ನುರಿತ ಕಣ್ಣಿಗೆ ಈ ಕುಳಿಗಳ ಸಾಲೇ ಗೋಡೆಯ ಸಾಲು: ಗ್ರಂಥದಲ್ಲಿ ಹುಳು ತಿಂದು ಅಕ್ಷರ ಹೋದ ಕಡೆ ತೂತಿನ ಆಕಾರದಿಂದಲೇ ಅಕ್ಷರವನ್ನು ಊಹಿಸುವಂತೆ. ಹೀಗೆ ನೋಡುತ್ತ ಹೋದಾಗ ಗೋಡೆಯುದ್ದಕ್ಕೂ ಕಲ್ಲಿನ ಜಗಲಿಯಿದ್ದ ಕೊಠಡಿಯೊಂದು ಕಂಡಿತು. ಜಗಲಿಯಿಂದ ಅದು ಭಿಕ್ಷುಗಳು ದಿನವೂ ಕೂಡಿ ಮಠದ ವ್ಯವಹಾರವನ್ನು ಚರ್ಚಿಸುತ್ತಿದ್ದ ಸಭಾಮಂದಿರವೆಂದು ವ್ಯಕ್ತವಾಯಿತು. ಅದರ ಪಕ್ಕದಲ್ಲಿ ಅಂಗಳದ ಸುತ್ತಣ ಮೊಗಸಾಲೆಯ ಪೂರ್ವಭಾಗವು ದೊರೆಯಿತು. ಇಂಥ ಮಠಗಳ ವಿನ್ಯಾಸವು ಎಲ್ಲೆಡೆಯೂ ಹೆಚ್ಚುಕಡಮೆ ಒಂದೇ ತೆರನಾದುದರಿಂದ, ಸ್ಥಾಲೀಪುಲಾಕನ್ಯಾಯದಂತೆ ಒಂದು ಕೊಠಡಿ ಗೊತ್ತಾದರೆ ಉಳಿದವುಗಳ ಸ್ಥಾನವನ್ನು ಹೇಳಬಹುದು. ದೇವಾಲಯವು ಸಭಾಮಂದಿರದ ಉತ್ತರಕ್ಕಿರಬೇಕೆಂದು ಗೊತ್ತಾಯಿತು. ಪಕ್ಕದ ಹಳೆಯ ಪಾಠಶಾಲೆಯ ಆಟದ ಬಯಲಿನಲ್ಲಿ ಮೂರನೆಯ ಅಗತವನ್ನು ತೋಡಲು ದೇವಾಲಯದ ಗೋಡೆಗಳ ಕುಳಿಗಳೂ, ನೆಲಕ್ಕೆ ಹಾಸಿದ ಹೆಂಚುಗಳೂ, ಕಿಟಕಿಗಳ ಕೆತ್ತನೆಯ ಕಲ್ಲುಗಳೂ ಬಂದುವು. ಮಠದ ಹಳೆಯ ಹೆಂಚುಗಳನ್ನೇ ಆರಿಸಿ ಒಟ್ಟಾರೆಯಾಗಿ ಜೋಡಿಸಿದ್ದ ನಡೆಹಾದಿಯ ತುಣುಕೊಂದೂ ಸಿಕ್ಕಿತು. ಇದು ಹೆರಿಕನ ಉದ್ಯಾನದ್ದಾಗಿರಬೇಕು. ರೆನ್ನನು ಸ್ತಂಭವನ್ನು ನೋಡುತ್ತ ನಡೆದುದು ಇಂಥ ಹಾದಿಯ ಮೇಲೆಯೇ.

ಈಗ ಮೊದಲ ದಿನದ ಎಲುಬುಗಳಿಗೆ ಅರ್ಥ ಬಂದಿತು. ಅಳೆದು ನೋಡಿದಾಗ ಅವು ಗಾಯನಮಂಟಪದೊಳಗೆ, ಅದರ ಪಶ್ಚಿಮದ ಕೊನೆಯಲ್ಲಿ, ದಕ್ಷಿಣದ ಆಸನಗಳ ಸಾಲಿಗೆ ಒತ್ತಿಕೊಂಡಿದ್ದುವು. ರೌಸನು ಹೇಳಿದ ಸ್ಥಳವೂ ಇದೇ. ಕಾನೂನಿನ ಪ್ರಕಾರ ಅನುಮತಿಯನ್ನು ಪಡೆದು ಸೆಪ್ಟೆಂಬರ್ ಮೊದಲ ವಾರದಲ್ಲಿ ಅಸ್ಥಿಶಾಸ್ತ್ರಜ್ಞೆಯಾದ ಜೋ ಆಪಲ್ಬಿಯು ಮಣ್ಣನ್ನು ಬಿಡಿಸತೊಡಗಿದಳು. ಇಂದಿನ ನೆಲದಿಂದ ಒಂದು ಮೀಟರಿನೊಳಗೇ ಸಂಪೂರ್ಣವಾದ ಪಂಜರವು ಹೊರಪಟ್ಟಿತು. ಪಾದಗಳು ಮಾತ್ರ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕಟ್ಟಡವೊಂದರ ತಳಪಾಯವು ಆ ಅಸ್ಥಿಗಳಿಗೆ ಕೆಲವೇ ಅಂಗುಲಗಳಷ್ಟು ಮೇಲೆ ಹಾದುಹೋಗಿದ್ದಿತು. ಅಂದಿನ ಕೂಲಿಯವನ ಗುದ್ದಲಿಯು ಇನ್ನೊಂದು ಗೇಣು ಕೆಳಗಿಳಿದಿದ್ದರೆ ಸ್ಪೀಡನ ಮಾತೇ ಶಾಶ್ವತವಾಗಿ ಗೆದ್ದಿರುತ್ತಿದ್ದಿತು.

ಗುಂಡಿಯ ಸ್ವರೂಪವು ಗಮನಾರ್ಹವಾದುದು. ಆ ಊರಿನ ಅಂದಿನ ಇತರ ಸಮಾಧಿಗಳು ನೀಟಾದ ಆಯತಾಕಾರವಾಗಿ, ದೇಹಕ್ಕೆ ತಕ್ಕಷ್ಟು ಉದ್ದವಾಗಿರುತ್ತವೆ. ಇದಾದರೋ ಅಡ್ಡಾದಿಡ್ಡಿಯಾಗಿ ತೋಡಿದುದು, ಬದಿಗಳು ಇಳಿಜಾರು, ಉದ್ದವು ಸಾಲದೆ ತಲೆಯು ಒಂದು ಮೂಲೆಗೆ ಆನಿಕೊಂಡು ಎದೆಯ ಮೇಲಕ್ಕೆ ಬಾಗಿದ್ದಿತು. ಪೆಟ್ಟಿಗೆಯಿಲ್ಲ, ಹೊದಿಸಿದ ಬಟ್ಟೆಯ ಗುರುತಿಲ್ಲ. ಕೈಗಳೆರಡೂ ಸೊಂಟದ ಬಲಗಡೆಗೆ ಒಂದರ ಮೇಲೊಂದು ಬಿದ್ದಿದ್ದುವು. ಕಟ್ಟಿದ್ದಿರಬಹುದೆಂದು ಕೆಲವರು ಊಹಿಸುವರು. ಭಿಕ್ಷುಗಳು ಅವಸರದಲ್ಲಿದ್ದರೋ, ಹೆನ್ರಿಯ ಸೈನಿಕರ ಭಯದಲ್ಲಿದ್ದರೋ, ಹೇಗಾದರೂ ಆ ಕೆಲಸವು ರಾಜಯೋಗ್ಯವಾಗಿರಲಿಲ್ಲ. ಆದರೂ ಸ್ಥಳವನ್ನು ಕುರಿತು ಹೇಳುವುದಾದರೆ, ದೇವಾಲಯದೊಳಗೆ ತಮ್ಮ ಆಸನಗಳ ಬುಡದಲ್ಲಿ, ದಿನವೂ ತಮ್ಮ ಪ್ರಾರ್ಥನೆಯು ಕೇಳಿಬರುವ ಕಡೆಯಲ್ಲಿ ಅವನಿಗೆ ಎಡೆಗೊಟ್ಟರು. ಇದನ್ನು ಅವಮಾನವೆಂದು ಮಾತ್ರವೇ ಓದುವುದು ನ್ಯಾಯವಲ್ಲ.

ಇನ್ನು ದೇಹವನ್ನು ಕುರಿತು. ಬೆನ್ನೆಲುಬು ಪಕ್ಕಕ್ಕೆ ಬಹಳವಾಗಿ ಬಾಗಿದ್ದಿತು. ಬಾಗಿನ ಕೋನವು ೭೦ರಿಂದ ೯೦ ಅಂಶಗಳೆಂದು ೨೦೧೪ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಬಾಗು ಬಲಕ್ಕಾದುದರಿಂದ ಬಲಭುಜವು ಎಡಭುಜಕ್ಕಿಂತ ಎತ್ತರವಾಗಿದ್ದಿತು. ಇದು ಹುಟ್ಟಿನಿಂದ ಬಂದುದಲ್ಲ, ಬೆಳೆಯುವ ವಯಸ್ಸಿನಲ್ಲಿ ಕಾಣಿಸಿಕೊಂಡುದು. ಚೆನ್ನಾಗಿ ಹೊಲಿದ ಉಡುಪಿನಿಂದಲೂ ಕವಚದಿಂದಲೂ ಇದನ್ನು ಬಹುಮಟ್ಟಿಗೆ ಮರೆಸಬಹುದಾಗಿದ್ದಿತು. ಬೆನ್ನು ಮುಂದಕ್ಕೆ ಬಾಗಿದ ಗೂನು ಅವನಿಗಿರಲಿಲ್ಲ. ತೋಳುಗಳೆರಡೂ ಸಮವಾಗಿದ್ದುವು. ಇಲ್ಲಿ ಗ್ರಂಥಸಾಕ್ಷ್ಯಗಳ ತಾರತಮ್ಯವು ಕೈಮೇಲಿನ ನೆಲ್ಲಿಯಂತೆ ಸ್ಪಷ್ಟವಾಗುವುದು. ಹದಿನಾರನೆಯ ಶತಮಾನದ ಆದಿಯಲ್ಲಿ ಬರೆದ ತಾಮಸ್ ಮೋರ್ ಎಂಬ ಮಹಾವಿದ್ವಾಂಸನು ಎಡಭುಜವು ಎತ್ತರವೆಂದೂ ಒಂದು ತೋಳು ಬತ್ತಿದ್ದಿತೆಂದೂ ಹೇಳಿದನು. ಷೇಕ್ಸ್‌ಪಿಯರ್ ಮಹಾಕವಿಯು ಇದಕ್ಕೆ ಗೂನನ್ನೂ ಸೇರಿಸಿ ನಾಟಕರಂಗದ ಮೇಲೆ ನಿಲ್ಲಿಸಿದನು. ಲೋಕವು ನಾಲ್ಕು ಶತಮಾನಗಳಿಂದ ಆ ರೂಪವನ್ನೇ ನಂಬಿದೆ. ಪಂಜರವು ಸಾಕ್ಷಿ ನುಡಿದುದು ಮೋರನ ಪರವಾಗಿಯಲ್ಲ, ರೌಸನ ಪರವಾಗಿ. ಎರಡು ವರ್ಷದ ಗರ್ಭವಾಸದ ಕಟ್ಟುಕತೆಯನ್ನು ಬರೆದವನೇ ಭುಜದ ವಿಷಯದಲ್ಲಿಯೂ ಸಮಾಧಿಯ ವಿಷಯದಲ್ಲಿಯೂ ನಿಜವನ್ನು ಬರೆದಿದ್ದನು. ಒಬ್ಬ ಗ್ರಂಥಕಾರನು ಒಂದೆಡೆ ಸುಳ್ಳಾಡಿದನೆಂದು ಅವನ ಗ್ರಂಥವನ್ನೆಲ್ಲ ತಳ್ಳಿಬಿಡುವುದೂ, ಒಂದೆಡೆ ದಿಟವಾಡಿದನೆಂದು ಎಲ್ಲವನ್ನೂ ನಂಬುವುದೂ ಸಮಾನವಾದ ದೋಷಗಳು. ಪ್ರತಿಯೊಂದು ವಾಕ್ಯವನ್ನೂ ಬೇರೆಯಾಗಿ ತೂಗಬೇಕು.

ಸಾವಿನ ಸಮಯದಲ್ಲಿ ಆದ ಗಾಯಗಳು ಎಲುಬಿನ ಮೇಲೆ ಹನ್ನೊಂದು ಕಂಡುಬಂದಿವೆ. ಒಂಬತ್ತು ತಲೆಬುರುಡೆಯಲ್ಲಿಯೇ. ಶಿರಸ್ತ್ರಾಣವು ಹೋಗಿದ್ದಿತೆಂಬುದು ಇದರಿಂದ ಊಹ್ಯ. ಬುರುಡೆಯ ಬುಡದಲ್ಲಿರುವ ಎರಡು ಗಾಯಗಳು ಪ್ರಾಣಾಂತಿಕವಾದುವು. ಸೊಂಟದೆಲುಬಿನ ಮೇಲಿನ ಗಾಯವಾದರೋ ಹಿಂದಿನಿಂದ ತಿವಿದುದು. ಕವಚವಿದ್ದಾಗ ಅಲ್ಲಿಗೆ ಆಯುಧವು ತಾಗಲಾರದು. ಶವವನ್ನು ಬೆತ್ತಲೆಯಾಗಿ ಕುದುರೆಯ ಮೇಲೆ ಹಾಕಿ ಒಯ್ದರೆಂದೂ, ಅದಕ್ಕೆ ನಾನಾ ವಿಧವಾದ ಅವಮಾನಗಳಾದುವೆಂದೂ ಸಮಕಾಲೀನರಾದ ಚರಿತ್ರಕಾರರು ಬರೆದುದಕ್ಕೆ ಇದು ಸರಿಹೋಗುವುದು.

ಇಷ್ಟರಿಂದಲೇ ಇದು ರಿಚರ್ಡನೆಂದು ಸಿದ್ಧವಾಯಿತೆ? ವಿವೇಕಿಗಳಾದ ಶೋಧಕರು ಹಾಗೆ ಅವಸರಪಡಲಿಲ್ಲ. ಎಲುಬಿನೊಳಗಿನ ಇಂಗಾಲದಿಂದ ಕಾಲನಿರ್ಣಯ ಮಾಡಿಸಿದಾಗ ಮೊದಲು ಬಂದ ಫಲವು ಹದಿನೈದನೆಯ ಶತಮಾನದ ಮಧ್ಯಭಾಗವನ್ನು ಸೂಚಿಸಿತು. ಎಂದರೆ ಬಾಸ್ವರ್ತ್ ಕಾಳಗಕ್ಕಿಂತ ಕೆಲವು ದಶಕಗಳಷ್ಟು ಹಿಂದೆ. ವಿರೋಧಿಗಳಿಗೆ ಇದು ಸಾಕಾಗಿದ್ದಿತು. ಆದರೆ ಸಮುದ್ರದ ಇಂಗಾಲವು ಭೂಮಿಯ ಮೇಲಿನದಕ್ಕಿಂತ ಹಳೆಯದಾಗಿ ತೋರುವುದರಿಂದ, ಮೀನು ಮೊದಲಾದುವನ್ನು ಹೆಚ್ಚಾಗಿ ತಿಂದವರ ಎಲುಬು ತನ್ನ ನಿಜವಾದ ವಯಸ್ಸಿಗಿಂತ ಹೆಚ್ಚನ್ನು ಹೇಳುತ್ತದೆ. ಈ ಪುರುಷನು ಅಂಥ ಶ್ರೀಮಂತ ಆಹಾರವನ್ನು ತಿಂದವನೆಂದು ಎಲುಬಿನ ಪರೀಕ್ಷೆಯಿಂದಲೇ ತಿಳಿದಿದ್ದಿತು. ಅದಕ್ಕೆ ತಕ್ಕಂತೆ ತಿದ್ದಲು, ೧೪೫೬ರಿಂದ ೧೫೩೦ರೊಳಗಣ ಕಾಲವು ನೂರಕ್ಕೆ ೯೫ರಷ್ಟು ನಿಶ್ಚಯದಿಂದ ಲಭಿಸಿತು.

ಕಡೆಯದು ವಂಶಪರೀಕ್ಷೆ. ತಾಯಿಯಿಂದ ಮಕ್ಕಳಿಗೆ ಬದಲಾವಣೆಯಿಲ್ಲದೆ ಇಳಿದು, ಹೆಣ್ಣುಮಕ್ಕಳ ಮೂಲಕವೇ ಮುಂದಕ್ಕೆ ಸಾಗುವ ಒಂದು ಬಗೆಯ ಡಿ.ಎನ್.ಎ. ದೇಹದಲ್ಲಿರುವುದು. ರಿಚರ್ಡನಿಗೆ ಇದ್ದುದೂ ಅವನ ಅಕ್ಕ ಆನಳಿಗೆ ಇದ್ದುದೂ ಒಂದೇ. ಆನಳಿಂದ ಹೆಣ್ಣುಸಂತತಿಯ ಎಳೆಯನ್ನು ಹಿಡಿದು ಬಂದರೆ ಇಂದು ಬದುಕಿರುವ ಇಬ್ಬರು ದೊರೆತರು. ಟೂರಿ ಕಿಂಗ್ ಎಂಬ ವಿದುಷಿಯ ಪರೀಕ್ಷೆಯಲ್ಲಿ ಒಬ್ಬರದು ಅಕ್ಷರಶಃ ಹೊಂದಿತು. ಇನ್ನೊಬ್ಬರಲ್ಲಿ ಒಂದೇ ಒಂದು ಅಕ್ಷರದ ಭೇದವಿದ್ದಿತು. ಐದು ಶತಮಾನಗಳ ಪ್ರತಿ ಮಾಡಿಕೆಯಲ್ಲಿ ಒಂದಕ್ಷರದ ಪಾಠಾಂತರವು ಸಂದೇಹಕ್ಕೆ ಕಾರಣವಲ್ಲವೆಂಬುದು ತಾಳೆಯೋಲೆಗಳನ್ನು ಓದಿದವರಿಗೆ ಹೇಳಬೇಕಾದುದಿಲ್ಲ. ೨೦೧೩ರ ಫೆಬ್ರವರಿ ೪ರಂದು ವಿಶ್ವವಿದ್ಯಾನಿಲಯವು ಇದು ಮೂರನೆಯ ರಿಚರ್ಡನ ದೇಹವೇ ಎಂದು ಸಾರಿತು. ಎಲ್ಲ ಸಾಕ್ಷ್ಯಗಳನ್ನೂ ಕೂಡಿಸಿ ೨೦೧೪ರ ಡಿಸೆಂಬರಿನಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ನಿಶ್ಚಯವು ನೂರಕ್ಕೆ ೯೯.೯೯೯ ಎಂದು ನಿರ್ಣಯವಾಯಿತು.

ಆದರೆ ಅದೇ ಪರೀಕ್ಷೆಯು ಇನ್ನೊಂದು ಗುಟ್ಟನ್ನೂ ಹೊರಗೆಡಹಿತು. ತಂದೆಯಿಂದ ಮಗನಿಗೆ ಇಳಿಯುವ ಡಿ.ಎನ್.ಎ.ಯನ್ನು, ಮೂರನೆಯ ಎಡ್ವರ್ಡನ ವಂಶವೆಂದು ಎಲ್ಲರೂ ಒಪ್ಪಿದ ಬೋಫೋರ್ಟ್ ಮನೆತನದವರೊಡನೆ ಹೋಲಿಸಲು, ಅದು ಕೂಡಿಬರಲಿಲ್ಲ. ಎಡ್ವರ್ಡನಿಂದ ಇಳಿದ ಈ ಎರಡು ಶಾಖೆಗಳಲ್ಲಿ ಎಲ್ಲಿಯೋ ಒಂದು ಕಡೆ ಬರೆದ ವಂಶಾವಳಿಗೂ ರಕ್ತದ ವಂಶಾವಳಿಗೂ ಭೇದವಿದೆಯೆಂದಾಯಿತು. ಅದು ಯಾವ ಕೊಂಡಿಯೆಂದು ಹೇಳಲು ಆಧಾರವಿಲ್ಲದುದರಿಂದ, ಯಾವ ಅರಸನ ಹಕ್ಕನ್ನೂ ಇದರಿಂದ ಅಲ್ಲಗಳೆಯುವುದು ಸಾಹಸವಾದೀತು. ಪತ್ರಿಕೆಗಳು ಆ ಸಾಹಸವನ್ನು ಮಾಡಿದುವು.

ದೊರೆತ ಅರಸನನ್ನು ಎಲ್ಲಿ ಹೂಳಬೇಕೆಂಬ ವ್ಯಾಜ್ಯವು ಬೇಗನೆ ತಲೆದೋರಿತು. ರಿಚರ್ಡನು ಬಾಳಿದ ಉತ್ತರದೇಶಕ್ಕೆ, ಯಾರ್ಕ್ ನಗರಕ್ಕೆ, ಒಯ್ಯಬೇಕೆಂದು ಬಂಧುಗಳೆಂದು ಹೇಳಿಕೊಂಡ ಕೆಲವರು ನ್ಯಾಯಸ್ಥಾನಕ್ಕೆ ಹೋದರು. ೨೦೧೪ರ ಮೇ ೨೩ರಂದು ಉಚ್ಚನ್ಯಾಯಾಲಯವು ಅವರ ಬಿನ್ನಹವನ್ನು ತಳ್ಳಿಹಾಕಿತು. ಉತ್ಖನನಕಾರರ ಅನುಮತಿಪತ್ರದಲ್ಲಿ ಲೆಸ್ಟರಿನ ಮಹಾದೇವಾಲಯದ ಹೆಸರೇ ಇದ್ದಿತು. ಮಠದ ನಿವೇಶನಕ್ಕೆ ಕೂಗಳತೆಯ ದೂರದಲ್ಲಿರುವ ಆ ದೇವಾಲಯದಲ್ಲಿ ೨೦೧೫ರ ಮಾರ್ಚ್ ೨೬ರಂದು ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷನ ಸಾನ್ನಿಧ್ಯದಲ್ಲಿ ಅಸ್ಥಿಗಳನ್ನು ಮತ್ತೆ ಭೂಮಿಗೆ ಒಪ್ಪಿಸಿದರು.

ಮಠದ ಶೋಧನೆಯು ಅಷ್ಟಕ್ಕೆ ನಿಂತಿರಲಿಲ್ಲ. ೨೦೧೩ರ ಬೇಸಗೆಯಲ್ಲಿ ಗಾಯನಮಂಟಪದ ಪ್ರದೇಶವನ್ನು ವಿಸ್ತಾರವಾಗಿ ಬಿಡಿಸಿದಾಗ, ಹಿಂದಿನ ವರ್ಷವೇ ಕಂಡಿದ್ದ ಕಲ್ಲಿನ ಶವಪೆಟ್ಟಿಗೆಯನ್ನು ತೆರೆದರು. ಅದರೊಳಗೆ ಸೀಸದ ಪೆಟ್ಟಿಗೆ. ಅದರೊಳಗೆ ಯಾವನೋ ವೀರಯೋಧನೋ ಸಂಘದ ಮುಖ್ಯನಾದ ಭಿಕ್ಷುವೋ ಇರುವನೆಂದು ಎಲ್ಲರೂ ನಿರೀಕ್ಷಿಸಿದ್ದರು. ಇದ್ದುದು ಒಬ್ಬ ವೃದ್ಧಸ್ತ್ರೀ. ಪುರುಷಭಿಕ್ಷುಗಳ ಮಠದಲ್ಲಿ, ಎಲ್ಲಕ್ಕಿಂತ ಗೌರವದ ಸ್ಥಳದಲ್ಲಿ, ಅರಸನಿಗಿಲ್ಲದ ಕಲ್ಲಿನ ಪೆಟ್ಟಿಗೆಯು ಅವಳಿಗೆ ದೊರೆತಿದೆ. ಭಿಕ್ಷಾವ್ರತದ ಮಠಗಳು ನಡೆಯುತ್ತಿದ್ದುದು ಊರಿನವರ ದಾನದಿಂದ. ಆ ದಾನಶೀಲರಲ್ಲಿ ಸ್ತ್ರೀಯರ ಪಾಲು ಎಷ್ಟಿದ್ದಿತೆಂಬುದನ್ನು ಯಾವ ಲೇಖಕನೂ ಬರೆದಿಡಲಿಲ್ಲ, ರೌಸನೂ ಬರೆಯಲಿಲ್ಲ, ಮೋರನೂ ಬರೆಯಲಿಲ್ಲ. ಮಠದ ಚರಿತ್ರೆಯಲ್ಲಿ ಆಸಕ್ತಿಯುಳ್ಳವರಿಗೆ ಈ ಅನಾಮಧೇಯಳ ಸಮಾಧಿಯು ಅರಸನ ಸಮಾಧಿಗಿಂತ ಹೆಚ್ಚಿನ ವಿಚಾರಕ್ಕೆಡೆಗೊಡುವುದೆನ್ನಬೇಕು.

ಹಳೆಯ ಪಾಠಶಾಲೆಯ ಕಟ್ಟಡದಲ್ಲಿ ೨೦೧೪ರಲ್ಲಿ ಪ್ರದರ್ಶನಶಾಲೆಯು ಏರ್ಪಟ್ಟು, ಅರಸನ ಗುಂಡಿಯ ಮೇಲೆ ಗಾಜಿನ ಹಾಸನ್ನು ಹಾಸಿರುವರು. ೨೦೧೭ರ ಡಿಸೆಂಬರಿನಲ್ಲಿ ಮಠದ ನಿವೇಶನವು ಸಂರಕ್ಷಿತ ಸ್ಮಾರಕಗಳ ಪಟ್ಟಿಗೆ ಸೇರಿತು. ಗಾಯನಮಂಟಪದಲ್ಲಿ ಕಂಡ ಬೇರೆ ಕೆಲವು ಸಮಾಧಿಗಳನ್ನು ತೆರೆಯದೆ ಹಾಗೆಯೇ ಮುಚ್ಚಿದ್ದಾರೆ. ಮಠದ ಉಳಿದ ಭಾಗದ ಮೇಲೆ ಬೀದಿಯೂ ಕಚೇರಿಗಳೂ ಈಗಲೂ ನಿಂತಿವೆ.